ಹಲ್ಲಿಗೆ ಕ್ಲಿಪ್ ಹಾಕಿದರೆ ಮೂಳೆಯೊಳಗಿರುವ ಹಲ್ಲು ಸರಿಯೋದು ಹೇಗೆ? ಮೈಸೂರು, ಮಂಡ್ಯ ಕಡೆಯವರು ತಿಳಿದಿದ್ದರೆ ಹೇಳಿ

ಮಂಡ್ಯದ_ಅಪ್ಪ:

ಎಲ್ಲರಿಗೂ ನಮಸ್ಕಾರ. ನಮ್ಮ ಹುಡುಗನಿಗೆ ಈಗ 13 ವರ್ಷ. ಮೇಲಿನ ಹಲ್ಲು ಉಬ್ಬಿವೆ. ಎರಡೂ ಕೋರೆ ಹಲ್ಲಿಗೆ ಜಾಗ ಸಿಗದೆ ವಸಡಿನ ಮೇಲ್ಗಡೆ ಹೊರಚಾಚಿ ಬಂದಿವೆ. ಮೈಸೂರಿಗೆ ಕರ್ಕೊಂಡು ಹೋಗಿ ತೋರಿಸಿದೆವು. ಎಕ್ಸ್‌ರೇ ತೆಗೆದರು, ಹಲ್ಲಿನ ಅಚ್ಚು ತೆಗೆದರು. ನಾಲ್ಕು ಹಲ್ಲು ಕೀಳಬೇಕು, ಆಮೇಲೆ ಕ್ಲಿಪ್ ಹಾಕಬೇಕು, ಹತ್ತಿರ ಹತ್ತಿರ ಎರಡು ವರ್ಷ ಹಿಡಿಯುತ್ತೆ ಅಂದರು. ಡಾಕ್ಟರು ಚೆನ್ನಾಗೇ ಮಾತಾಡಿಸಿದರು, ಆದರೆ ಹೊರಗೆ ಬಹಳ ಜನ ಕಾಯ್ತಾ ಕೂತಿದ್ದರು, ನಾನು ಕೇಳಬೇಕು ಅಂದ್ಕೊಂಡಿದ್ದನ್ನೆಲ್ಲ ಕೇಳೋಕೆ ಆಗಲಿಲ್ಲ.

ನನಗೆ ಅರ್ಥವಾಗದೇ ಇರೋದು ಇದು. ಹಲ್ಲು ಮೂಳೆಯೊಳಗೆ ಗಟ್ಟಿಯಾಗಿ ಕೂತಿರುತ್ತೆ. ಬೆರಳಲ್ಲಿ ಎಷ್ಟು ಒತ್ತಿದರೂ ಅಲ್ಲಾಡಲ್ಲ. ಅಂಥದ್ದನ್ನ ಒಂದು ಸಣ್ಣ ತಂತಿ ಹೇಗೆ ಸರಿಸುತ್ತೆ? ಮೂಳೆ ಮುರಿಯುತ್ತಾ? ಬೇರು ಸಡಿಲ ಆಗಿ ಮುಂದೆ ಹಲ್ಲು ಬಿದ್ದು ಹೋಗಲ್ವಾ?

ಇನ್ನೊಂದು, ನಮ್ಮ ಅಮ್ಮನಿಗೆ ಯಾರೂ ಕ್ಲಿಪ್ ಹಾಕಿಲ್ಲ. ಎಷ್ಟೋ ವರ್ಷದ ಹಿಂದೆ ಕೆಳಗಿನ ಒಂದು ದವಡೆ ಹಲ್ಲು ಕೀಳಿಸಿದ್ದರು. ಈಗ ನೋಡಿದರೆ ಅದರ ಹಿಂದಿನ ಹಲ್ಲು ಮುಂದಕ್ಕೆ ವಾಲಿದೆ, ಮೇಲಿನ ಹಲ್ಲು ಆ ಸಂದಿಯೊಳಕ್ಕೆ ಇಳಿದಿದೆ. ಮುಂದಿನ ಹಲ್ಲುಗಳ ನಡುವೆ ಮೊದಲು ಇಲ್ಲದ ಸಂದು ಕೂಡ ಬಿಟ್ಟಿದೆ. ಯಾರೂ ಮುಟ್ಟದೆ ಅಷ್ಟೆಲ್ಲ ಸರಿದಿರೋವಾಗ ಡಾಕ್ಟರಿಗೆ ಯಾಕೆ ಎರಡು ವರ್ಷ ಬೇಕು? ಎರಡೂ ಒಂದೇ ಥರದ ಸರಿಯೋದಾ, ಬೇರೆ ಬೇರೆನಾ?

ಮೇಲಿನ ಹಲ್ಲು ಕಿತ್ತರೆ ಕಣ್ಣಿಗೆ ತೊಂದರೆ ಆಗುತ್ತೆ, ಒಳ್ಳೆ ಹಲ್ಲು ಕೀಳಿಸಬೇಡ ಅಂತ ಅಮ್ಮ ಪಟ್ಟು ಹಿಡಿದಿದ್ದಾರೆ. ಪರಿಚಯದವರೊಬ್ಬರು ತಂತಿ ಬೇಡ, ಪಾರದರ್ಶಕ ಅಲೈನರ್ (ಹಲ್ಲಿನ ಮೇಲೆ ಕೂರೋ ಪ್ಲಾಸ್ಟಿಕ್ ಟ್ರೇ) ಹಾಕಿಸಿ, ಆರು ತಿಂಗಳಲ್ಲಿ ಮುಗಿಯುತ್ತೆ ಅಂತಾರೆ. ಹುಡುಗನ ಬಾಯಿ ವಿಷಯ, ಅರ್ಥ ಮಾಡಿಕೊಳ್ಳದೆ ಹೂಂ ಅನ್ನೋಕೆ ಮನಸ್ಸು ಒಪ್ತಿಲ್ಲ. ದಯವಿಟ್ಟು ಗೊತ್ತಿರೋರು ಬಿಡಿಸಿ ಹೇಳಿ.

ದಂತವೈದ್ಯೆ_ಮೈಸೂರು:

ಸರ್, ನಾನು ಆರ್ಥೋಡಾಂಟಿಸ್ಟ್, ಅಂದರೆ ಸೊಟ್ಟ ಹಲ್ಲು ಸರಿಪಡಿಸುವ ದಂತವೈದ್ಯೆ. ಬಿಡಿಎಸ್ ಮುಗಿಸಿ ಮತ್ತೆ ಮೂರು ವರ್ಷ ಈ ವಿಷಯವನ್ನೇ ಎಂಡಿಎಸ್‌ನಲ್ಲಿ ಓದಿದವಳು. ನಿಮ್ಮ ಮಗನ ಬಾಯಿ ನೋಡದೆ ಅವನಿಗೆ ಹೇಳಿರುವ ಚಿಕಿತ್ಸೆ ಸರಿಯೋ ತಪ್ಪೋ ಹೇಳಲು ಬರುವುದಿಲ್ಲ. ಆದರೆ ಹಲ್ಲು ಹೇಗೆ ಸರಿಯುತ್ತದೆ ಅನ್ನೋದನ್ನ ಹೇಳಬಹುದು. ಕ್ಲಿಪ್ ಹಾಕಿಸುವ ಪ್ರತಿ ಮಗುವಿನ ಮನೆಯವರಿಗೂ ಇದು ಗೊತ್ತಿರಬೇಕು, ಗೊತ್ತಿದ್ದರೆ ಅರ್ಧ ಗಾಬರಿ ಕಡಿಮೆ ಆಗುತ್ತದೆ.

ಹಲ್ಲು ಮೂಳೆಗೆ ಅಂಟಿಕೊಂಡಿಲ್ಲ. ಬೇರಿಗೂ ಮೂಳೆಗೂ ಮಧ್ಯೆ ಸುಮಾರು ಕಾಲು ಮಿಲಿಮೀಟರ್ ಜಾಗ ಇದೆ. ಅದರ ತುಂಬ ಸೂಕ್ಷ್ಮವಾದ ನಾರುಗಳು, ರಕ್ತನಾಳ, ನರ, ದ್ರವ. ಹಗ್ಗದಲ್ಲಿ ತೂಗುಬಿಟ್ಟ ತೊಟ್ಟಿಲಿನ ಹಾಗೆ ಹಲ್ಲು ಆ ನಾರುಗಳ ಮೇಲೆ ನಿಂತಿದೆ. ಇದಕ್ಕೆ ಪೆರಿಯೊಡಾಂಟಲ್ ಲಿಗಮೆಂಟ್ ಅಂತೀವಿ. ಅನ್ನದಲ್ಲಿ ಸಣ್ಣ ಕಲ್ಲು ಸಿಕ್ಕರೂ ತಕ್ಷಣ ಗೊತ್ತಾಗುತ್ತಲ್ಲ, ಅದು ಅಲ್ಲಿರುವ ನರಗಳ ಕೆಲಸ.

ಅಗಿಯುವಾಗ ಹಲ್ಲಿನ ಮೇಲೆ ಕಿಲೋಗಟ್ಟಲೆ ಭಾರ ಬೀಳುತ್ತದೆ, ಆದರೆ ಪ್ರತಿ ಸಲವೂ ಒಂದು ಸೆಕೆಂಡಿಗಿಂತ ಕಡಿಮೆ ಹೊತ್ತು. ಅಷ್ಟರಲ್ಲಿ ಆ ದ್ರವ ಹಿಂಡಿ ಆಚೆ ಹೋಗುವುದಿಲ್ಲ, ಹಲ್ಲು ಇದ್ದಲ್ಲೇ ಇರುತ್ತದೆ. ನೀವು ಬೆರಳಲ್ಲಿ ಒತ್ತಿದಾಗಲೂ ಹಾಗೇ, ಬಲ ಜಾಸ್ತಿ ಇದ್ದರೂ ಹೊತ್ತು ಸಾಲದು. ಕೆಲವೇ ಗ್ರಾಂ ಬಲ ಗಂಟೆಗಟ್ಟಲೆ ಬಿಡದೆ ಒಂದೇ ಕಡೆಗೆ ಒತ್ತುತ್ತಿದ್ದರೆ ಮಾತ್ರ ಹಲ್ಲು ಸರಿಯಲು ಶುರು ಮಾಡುತ್ತದೆ. ದಿನಕ್ಕೆ ಆರು ಗಂಟೆಯಷ್ಟಾದರೂ ಬಲ ಇರಬೇಕು ಅನ್ನೋದು ನಾವು ಓದಿಕೊಂಡ ಅಂದಾಜು.

ಹಲ್ಲು ಯಾವ ಕಡೆಗೆ ಒತ್ತುತ್ತಿದೆಯೋ ಆ ಕಡೆ ನಾರು ಅದುಮಿ, ರಕ್ತದ ಓಡಾಟ ಸ್ವಲ್ಪ ತಗ್ಗಿ, ಅಲ್ಲಿನ ಕೋಶಗಳು ರಾಸಾಯನಿಕ ಸಂದೇಶ ಬಿಡುತ್ತವೆ. ಆಸ್ಟಿಯೋಕ್ಲಾಸ್ಟ್ ಅನ್ನುವ ಕೋಶಗಳು ಬಂದು ಅಲ್ಲಿನ ಮೂಳೆಯನ್ನ ಕರಗಿಸುತ್ತವೆ. ಇನ್ನೊಂದು ಕಡೆ ನಾರುಗಳು ಎಳೆದು ಬಿಗಿಯಾಗುತ್ತವೆ, ಅಲ್ಲಿ ಆಸ್ಟಿಯೋಬ್ಲಾಸ್ಟ್ ಕೋಶಗಳು ಹೊಸ ಮೂಳೆ ಕಟ್ಟುತ್ತವೆ. ಮುಂದೆ ಕರಗುತ್ತಾ ಹಿಂದೆ ಕಟ್ಟುತ್ತಾ ಹಲ್ಲು ತನ್ನ ಗೂಡಿನ ಸಮೇತ ಸಾಗುತ್ತದೆ. ಮುರಿಯುವುದು ಏನೂ ಇಲ್ಲ. ಚಿಕಿತ್ಸೆ ನಡೆಯುವಾಗ ಹಲ್ಲು ಸ್ವಲ್ಪ ಅಲ್ಲಾಡುತ್ತದೆ, ಅದು ಸಹಜ, ಮುಗಿದ ಮೇಲೆ ಮತ್ತೆ ಬಿಗಿಯಾಗುತ್ತದೆ.

ಇನ್ನು ಎರಡು ವರ್ಷದ ಲೆಕ್ಕ. ಎಲ್ಲ ಸರಿಯಿದ್ದರೆ ಹಲ್ಲು ತಿಂಗಳಿಗೆ ಹತ್ತಿರ ಹತ್ತಿರ ಒಂದು ಮಿಲಿಮೀಟರ್ ಸರಿಯುತ್ತದೆ. ಸಾಮಾನ್ಯವಾಗಿ ಕೀಳುವುದು ಕೋರೆ ಹಲ್ಲಿನ ಹಿಂದಿರುವ ಪ್ರಿಮೋಲಾರ್, ಅದರ ಅಗಲ ಸುಮಾರು 7 ಮಿಲಿಮೀಟರ್. ಮೊದಲು ಎಲ್ಲ ಹಲ್ಲೂ ಒಂದು ಸಾಲಿಗೆ ಬರಬೇಕು, ಅದಕ್ಕೇ ಕೆಲವು ತಿಂಗಳು. ಆಮೇಲೆ ಕೋರೆ ಹಲ್ಲು ಆ ಜಾಗಕ್ಕೆ ಹೋಗಬೇಕು, ಅದಾದ ಮೇಲೆ ಮುಂದಿನ ನಾಲ್ಕು ಹಲ್ಲು ಒಳಕ್ಕೆ ಬರಬೇಕು. ಕೊನೆಗೆ ಮೇಲಿನದ್ದೂ ಕೆಳಗಿನದ್ದೂ ಸರಿಯಾಗಿ ಕೂರಬೇಕು. ಕೂಡಿಸಿ ನೋಡಿ, ಎರಡು ವರ್ಷ ಎಲ್ಲಿಂದ ಬಂತು ಅಂತ ನಿಮಗೇ ಗೊತ್ತಾಗುತ್ತದೆ.

ನಿಮ್ಮ ತಾಯಿಯ ಹಲ್ಲು ಸರಿದಿದ್ದೂ ಇದೇ ದಾರಿಯಲ್ಲಿ, ಮೂಳೆ ಕರಗಿ, ಮೂಳೆ ಕಟ್ಟಿ. ಪಕ್ಕದ ಆಸರೆ ಹೋದ ಹಲ್ಲು ಖಾಲಿ ಜಾಗಕ್ಕೆ ವಾಲುತ್ತದೆ. ಎದುರಿನ ಹಲ್ಲಿಗೆ ತಡೆ ಇಲ್ಲವಾದರೆ ಅದು ಬೆಳೆಯುತ್ತಲೇ ಬಂದ ಹಾಗೆ ಇಳಿಯುತ್ತದೆ. ಅದು ಬೇಗ ಆಯಿತು ಅಂತ ನಿಮಗೆ ಅನಿಸುತ್ತಿದೆ ಅಷ್ಟೇ, ವರ್ಷಗಟ್ಟಲೆ ಸದ್ದಿಲ್ಲದೆ ನಡೆದಿರುತ್ತದೆ. ಮತ್ತೆ ಅದು ಸೊಟ್ಟಗೆ ವಾಲಿದೆ, ನೋಡಿ. ಹಲ್ಲನ್ನ ವಾಲಿಸುವುದು ಸುಲಭ. ಬೇರೂ ತಲೆಯೂ ನೆಟ್ಟಗೆ ಒಟ್ಟಿಗೆ ಸರಿಯುವಂತೆ ಮಾಡುವುದು ಕಷ್ಟ. ಹಲ್ಲಿನ ಮೇಲೆ ಅಂಟಿಸುವ ಚೌಕದ ಬ್ರಾಕೆಟ್, ಅದರ ಸೀಳಿನಲ್ಲಿ ಕೂರುವ ತಂತಿ, ಇವೆಲ್ಲ ಇರುವುದು ಆ ಕಷ್ಟದ ಕೆಲಸಕ್ಕೆ.

ಕಣ್ಣಿನ ವಿಷಯ ಅಜ್ಜಿಗೆ ನಿಧಾನವಾಗಿ ಹೇಳಿ. ಮೇಲಿನ ಹಲ್ಲಿನ ನೋವು ತಿಳಿಸುವ ನರವೇ ಬೇರೆ, ದೃಷ್ಟಿಯ ನರವೇ ಬೇರೆ. ಹಲ್ಲು ಕೀಳಿಸಿದ್ದರಿಂದ ಕಣ್ಣು ಮಂಜಾಗುವುದಿಲ್ಲ. ಒಂದು ವಯಸ್ಸಿನಲ್ಲಿ ಹಲ್ಲೂ ಹೋಗುತ್ತದೆ, ಕಣ್ಣಿಗೆ ಪೊರೆಯೂ ಬರುತ್ತದೆ, ಎರಡೂ ಜೊತೆಗೆ ಬಂದದ್ದನ್ನ ನೋಡಿ ಹಿರಿಯರು ಹಾಗೆ ನಂಬಿದ್ದಾರೆ. ಒಳ್ಳೆ ಹಲ್ಲು ಕೀಳುವುದು ಎಲ್ಲರಿಗೂ ಬೇಕಾಗುವುದಿಲ್ಲ. ಕೆಲವರಿಗೆ ದವಡೆ ಅಗಲ ಮಾಡಿ, ಹಲ್ಲಿನ ಪಕ್ಕ ಕೂದಲೆಳೆಯಷ್ಟು ಉಜ್ಜಿ ಜಾಗ ಮಾಡಬಹುದು. ನಿಮ್ಮ ಹುಡುಗನಿಗೆ ಯಾಕೆ ಕೀಳಲೇಬೇಕು ಅಂತ ಅಚ್ಚು ಮತ್ತು ಪಕ್ಕದಿಂದ ತೆಗೆದ ತಲೆಯ ಎಕ್ಸ್‌ರೇ ಮುಂದಿಟ್ಟುಕೊಂಡು ತೋರಿಸಿ ಅಂತ ಕೇಳಿ. ಕೇಳುವುದು ನಿಮ್ಮ ಹಕ್ಕು. ಒಳ್ಳೆ ಡಾಕ್ಟರು ಬೇಜಾರು ಮಾಡಿಕೊಳ್ಳುವುದಿಲ್ಲ.

ಅಲೈನರ್ ಒಳ್ಳೆ ಸಾಧನವೇ. ಒಂದೊಂದು ಟ್ರೇ ಹಲ್ಲನ್ನ ಕಾಲು ಮಿಲಿಮೀಟರ್ ಆಸುಪಾಸು ಸರಿಸುತ್ತದೆ, ದಿನಕ್ಕೆ 20ರಿಂದ 22 ಗಂಟೆ ಹಾಕಿರಬೇಕು. ಸ್ವಲ್ಪ ಸೊಟ್ಟ ಇರುವವರಿಗೆ ಆರು ತಿಂಗಳಲ್ಲಿ ಮುಗಿಯಬಹುದು. ನಾಲ್ಕು ಹಲ್ಲು ಕಿತ್ತ ಜಾಗ ತುಂಬುವ ಕೆಲಸ ಆರು ತಿಂಗಳಲ್ಲಿ ಆಗುವುದಿಲ್ಲ. ಸಾಧನ ಯಾವುದಾದರೂ ಕರಗಬೇಕಾದ್ದು ಅದೇ ಮೂಳೆ ತಾನೇ.

ದೊಡ್ಡಿ_ಅಮ್ಮ:

ಅಣ್ಣ, ನಾವು ಕೆ.ಎಂ. ದೊಡ್ಡಿ ಹತ್ತಿರದವರು, ನನ್ನ ಮಗಳಿಗೆ ಈಗ ಕ್ಲಿಪ್ ಇದೆ. ಡಾಕ್ಟರಮ್ಮ ಹೇಳಿದ್ದು ಓದಿ ನನಗೂ ಎಷ್ಟೋ ತಿಳೀತು. ನಾನು ಮನೆ ಕಡೆಯದ್ದು ಹೇಳ್ತೀನಿ.

ತಂತಿ ಬಿಗಿ ಮಾಡಿಸಿಕೊಂಡು ಬಂದ ದಿನ ಸಾಯಂಕಾಲದಿಂದ ನೋವು ಶುರು, ಮಾರನೇ ದಿನ ಜಾಸ್ತಿ, ಆಮೇಲೆ ಇಳಿಯುತ್ತೆ. ಆಗ ಮುದ್ದೆ ಇದೆಯಲ್ಲ, ಅದಕ್ಕಿಂತ ಒಳ್ಳೇದು ಯಾವುದೂ ಇಲ್ಲ. ಅಗಿಯೋ ಹಾಗಿಲ್ಲ, ಬಸ್ಸಾರಲ್ಲಿ ಅದ್ದಿ ನುಂಗಿದರೆ ಆಯಿತು. ಮಗಳು ಮೊದಲು ಮುದ್ದೆ ಅಂದರೆ ಮೂತಿ ತಿರುಗಿಸ್ತಿದ್ದಳು, ಈಗ ಕೇಳಿ ಹಾಕಿಸ್ಕೋತಾಳೆ. ಆದರೆ ತಿಂದ ಮೇಲೆ ಬಾಯಿ ಚೆನ್ನಾಗಿ ಮುಕ್ಕಳಿಸಬೇಕು, ರಾಗಿ ತಂತಿಯ ಸಂದಿಯಲ್ಲೆಲ್ಲ ಮೆತ್ತಿಕೊಳ್ಳುತ್ತೆ.

ನಮ್ಮ ಕಡೆ ದೊಡ್ಡ ಕಷ್ಟ ಅಂದರೆ ಕಬ್ಬು. ಕಾರ್ಖಾನೆಗೆ ಹೋಗೋ ಗಾಡಿಯಿಂದ ಮಕ್ಕಳು ಜಲ್ಲೆ ಎಳೆದು ಅಲ್ಲೇ ಹಲ್ಲಲ್ಲಿ ಸಿಪ್ಪೆ ಸಿಗಿದು ತಿಂತಾರೆ. ಕ್ಲಿಪ್ ಇರೋ ಮಕ್ಕಳು ಹಾಗೆ ಮಾಡಿದರೆ ಬ್ರಾಕೆಟ್ ಕಿತ್ತು ಕೈಗೆ ಬರುತ್ತೆ. ಕಿತ್ತು ಬಂದರೆ ಆ ಹಲ್ಲು ಮುಂದಿನ ಸಲದವರೆಗೆ ಸುಮ್ನೆ ನಿಂತಿರುತ್ತೆ, ಅಷ್ಟು ದಿನ ಹಿಂದಕ್ಕೆ ಬಿದ್ದ ಹಾಗೆ. ಕಬ್ಬಿನ ಹಾಲು ಕುಡೀಲಿ, ಕುಡಿದ ಮೇಲೆ ಬಾಯಿ ತೊಳೀಲಿ. ಚಕ್ಕುಲಿ, ನಿಪ್ಪಟ್ಟು, ಕೋಡುಬಳೆ ಬೇಡವೇ ಬೇಡ. ಸಂಕ್ರಾಂತಿಯ ಸಕ್ಕರೆ ಅಚ್ಚು, ಕೊಬ್ಬರಿ ಚೂರು ಕೂಡ ಬೇಡ. ಮದ್ದೂರು ವಡೆ ಬೇಕೇ ಬೇಕು ಅಂತ ಹಟ ಮಾಡಿದರೆ ನಾನು ಮುರಿದು ಮಜ್ಜಿಗೆಯಲ್ಲಿ ನೆನೆಸಿ ಕೊಡ್ತೀನಿ. ಸೀಬೆಹಣ್ಣು, ಸೇಬು ಹೆಚ್ಚಿ ಕೊಡಿ, ಕಚ್ಚೋಕೆ ಬಿಡಬೇಡಿ.

ಕೆನ್ನೆ ಒಳಗೆ ತಂತಿ ಚುಚ್ಚಿ ಹುಣ್ಣಾಗುತ್ತೆ, ಅದಕ್ಕೆ ಮೇಣ ಕೊಡ್ತಾರೆ, ಒಂದು ಚೂರು ಉಂಡೆ ಮಾಡಿ ಚುಚ್ಚೋ ಜಾಗಕ್ಕೆ ಅಂಟಿಸಿದರೆ ಆರಾಮ. ಮೇಣದ ಡಬ್ಬಿ ಶಾಲೆ ಬ್ಯಾಗಲ್ಲೇ ಇರಲಿ.

ಖರ್ಚಿನ ಬಗ್ಗೆ ಯೋಚನೆ ಇದ್ದರೆ ಮೈಸೂರಿನ ಡೆಂಟಲ್ ಕಾಲೇಜುಗಳಲ್ಲೂ ಕೇಳಿ ನೋಡಿ. ಅಲ್ಲಿ ಎಂಡಿಎಸ್ ಓದುತ್ತಿರೋರು ದೊಡ್ಡ ಡಾಕ್ಟರ ಕಣ್ಣೆದುರಿಗೇ ಮಾಡ್ತಾರೆ, ಖಾಸಗಿ ಕ್ಲಿನಿಕ್ಕಿಗಿಂತ ಕಡಿಮೆ ಬೀಳುತ್ತೆ. ಹೊತ್ತು ಮಾತ್ರ ಜಾಸ್ತಿ ಹಿಡಿಯುತ್ತೆ, ಊಟ ಕಟ್ಕೊಂಡು ಹೋಗಿ.

ಸರಸ್ವತಿಪುರಂ_ಮೇಷ್ಟ್ರು:

ವಿಜ್ಞಾನ ಕಲಿಸಿ ನಿವೃತ್ತನಾದವನು ನಾನು, ಅದಕ್ಕೇ ಒಂದಿಷ್ಟು ಸೇರಿಸ್ತೀನಿ. ಸೊಟ್ಟ ಹಲ್ಲನ್ನ ಲೋಹದ ಪಟ್ಟಿಗೆ ದಾರದಿಂದ ಕಟ್ಟಿ ನೆಟ್ಟಗೆ ಮಾಡೋದನ್ನ ಫ್ರಾನ್ಸಿನ ಪಿಯರ್ ಫೋಶಾರ್ 1728ರಲ್ಲೇ ಬರೆದಿಟ್ಟಿದ್ದ. ಹಲ್ಲು ಸರಿಯುತ್ತೆ ಅಂತ ಗೊತ್ತಿತ್ತು, ಯಾಕೆ ಸರಿಯುತ್ತೆ ಅನ್ನೋದು ಬಹಳ ಕಾಲ ಗೊತ್ತಿರಲಿಲ್ಲ. ಮೂಳೆ ಬಾಗುತ್ತೆ ಅಂತ ಕೆಲವರು ವಾದ ಮಾಡ್ತಿದ್ದರು. ಸ್ವೀಡನ್ನಿನ ಕಾರ್ಲ್ ಸ್ಯಾಂಡ್‌ಸ್ಟೆಡ್ ಅನ್ನುವವನು ನಾಯಿಯ ಹಲ್ಲಿಗೆ ತಂತಿ ಕಟ್ಟಿ, ಆಮೇಲೆ ಆ ಜಾಗದ ತೆಳು ಪದರಗಳನ್ನ ಸೂಕ್ಷ್ಮದರ್ಶಕದಲ್ಲಿ ನೋಡಿದ. ಒತ್ತಿದ ಕಡೆ ಮೂಳೆ ಕರಗಿತ್ತು, ಎಳೆದ ಕಡೆ ಹೊಸ ಮೂಳೆ ಬಂದಿತ್ತು. 1904ರ ಹೊತ್ತಿಗೆ ಅದನ್ನ ಪ್ರಕಟಿಸಿದ. ಬಲ ಜಾಸ್ತಿ ಕೊಟ್ಟಲ್ಲಿ ಜೀವಕೋಶ ಸತ್ತ ಜಾಗ ಗಾಜಿನ ಹಾಗೆ ಕಾಣೋದನ್ನೂ ಅವನೇ ಗುರುತಿಸಿದ್ದು.

ಈಗ ಶುರುವಿನಲ್ಲಿ ಹಾಕುವ ತಂತಿ ಬಹಳ ಮಟ್ಟಿಗೆ ನಿಕಲ್ ಮತ್ತು ಟೈಟಾನಿಯಂ ಬೆರಕೆ. ಅಮೆರಿಕದ ನೌಕಾಪಡೆಯ ಪ್ರಯೋಗಾಲಯದಲ್ಲಿ ಹುಟ್ಟಿದ ಲೋಹ ಅದು, 1970ರ ದಶಕದಲ್ಲಿ ಹಲ್ಲಿನ ಕೆಲಸಕ್ಕೆ ಬಂತು. ಸಾಕಷ್ಟು ಬಾಗಿಸಿದರೂ ಮೊದಲಿನ ಆಕಾರಕ್ಕೆ ಮರಳುತ್ತೆ, ಮರಳುವಾಗ ಹಗುರವಾಗಿ, ಒಂದೇ ಸಮ ಎಳೆಯುತ್ತೆ. ಡಾಕ್ಟರಮ್ಮ ಹೇಳಿದ ಹಗುರ ಬಲ, ಬಹಳ ಹೊತ್ತು ಅನ್ನೋದಕ್ಕೆ ಹೇಳಿ ಮಾಡಿಸಿದ ತಂತಿ. ನಿಮ್ಮ ಹುಡುಗನಿಗೆ ವಿಜ್ಞಾನದಲ್ಲಿ ಆಸಕ್ತಿ ಇದ್ದರೆ ಇದನ್ನ ಹೇಳಿ, ಬಾಯಲ್ಲಿರೋ ತಂತಿಯ ಮೇಲೆ ಅವನಿಗೂ ಒಂದು ಕುತೂಹಲ ಬರಲಿ.

ಕುವೆಂಪುನಗರ_ಹುಡುಗ:

ಮಧ್ಯೆ ಬಾಯಿ ಹಾಕ್ತಿದೀನಿ, ಕ್ಷಮಿಸಿ. ನನಗೆ 25. ಪಿಯುಸಿಯಲ್ಲಿದ್ದಾಗ ಕೆಳಗಿನ ಮುಂದಿನ ಹಲ್ಲು ನೆಟ್ಟಗಿದ್ದವು, ಈಗ ಒಂದರ ಮೇಲೊಂದು ಹತ್ತಿಕೊಳ್ತಿವೆ. ಬುದ್ಧಿ ಹಲ್ಲು ಹಿಂದಿನಿಂದ ತಳ್ತಿದೆ, ಅದನ್ನ ಕೀಳಿಸು ಅಂತ ಎಲ್ಲರೂ ಹೇಳ್ತಾರೆ, ನಿಜಾನಾ ಮೇಡಂ? ನನ್ನ ತಂಗಿಗೆ ಮೇಲಿನ ಎರಡು ಹಲ್ಲಿನ ನಡುವೆ ಸಂದು ಇದೆ. ಅವಳು ಮೊಬೈಲಲ್ಲಿ ವಿಡಿಯೋ ನೋಡಿ ಆ ಎರಡು ಹಲ್ಲಿಗೆ ಸಣ್ಣ ರಬ್ಬರ್ ಬ್ಯಾಂಡ್ ಹಾಕ್ಕೊಂಡು ಮಲಗ್ತೀನಿ ಅಂತಿದಾಳೆ. ಒಂದು ವಾರದಲ್ಲಿ ಸಂದು ಮುಚ್ಚುತ್ತಂತೆ.

ದಂತವೈದ್ಯೆ_ಮೈಸೂರು:

ಮೊದಲು ತಂಗಿಯನ್ನ ತಡೀರಿ, ಇವತ್ತೇ. ಸಂದು ಬೇಗ ಮುಚ್ಚುವುದು ನಿಜ, ಅಪಾಯ ಇರುವುದೇ ಅದರಲ್ಲಿ. ಹಲ್ಲಿನ ಬೇರು ಮೇಲಕ್ಕೆ ಹೋಗ್ತಾ ಹೋಗ್ತಾ ಸಪೂರ ಆಗುತ್ತದೆ. ರಬ್ಬರ್ ಜಾರಿ ವಸಡಿನ ಒಳಕ್ಕೆ ಸೇರುತ್ತದೆ, ಅಲ್ಲಿಂದ ಬೇರಿನ ಮೇಲೆ ಇನ್ನೂ ಮೇಲಕ್ಕೆ ಏರುತ್ತದೆ, ದಾರಿಯುದ್ದಕ್ಕೂ ನಾರುಗಳನ್ನೂ ಮೂಳೆಯನ್ನೂ ಹಾಳು ಮಾಡುತ್ತದೆ. ಹೊರಗಿನಿಂದ ರಬ್ಬರ್ ಕಾಣುವುದೇ ಇಲ್ಲ. ಎಷ್ಟೋ ಸಲ ಎಕ್ಸ್‌ರೇಯಲ್ಲೂ ರಬ್ಬರ್ ಕಾಣದೆ ಬರೀ ಮೂಳೆ ಕರಗಿರುವುದು ಕಾಣುತ್ತದೆ. ಎರಡು ಒಳ್ಳೆ ಹಲ್ಲು ಹೀಗೆ ಕಳೆದುಕೊಂಡವರ ವರದಿಗಳು ದಂತವೈದ್ಯಕೀಯ ಪತ್ರಿಕೆಗಳಲ್ಲಿ ಬೇಕಾದಷ್ಟಿವೆ. ಅವಳ ಹಲ್ಲು ಉಳೀಬೇಕು, ದಯವಿಟ್ಟು ಕೂರಿಸಿ ಹೇಳಿ.

ಅವಳಿಗೆ ವಯಸ್ಸೆಷ್ಟು ಅಂತ ಬರೆದಿಲ್ಲ. ಏಳೆಂಟು ವರ್ಷದ ಮಕ್ಕಳಿಗೆ ಅಲ್ಲಿ ಸಂದು ಇರುವುದು ಸಹಜ. 11, 12ಕ್ಕೆ ಕೋರೆ ಹಲ್ಲು ಇಳಿಯುವಾಗ ಬಹಳಷ್ಟು ಮಕ್ಕಳಲ್ಲಿ ಅದು ತಾನಾಗೇ ಮುಚ್ಚುತ್ತದೆ. ದೊಡ್ಡವಳಾಗಿದ್ದರೆ ಕಾರಣ ಏನು ಅಂತ ತೋರಿಸಬೇಕು. ತುಟಿಯ ಒಳಗಿನ ಮಾಂಸದ ಪಟ್ಟಿ ದಪ್ಪ ಇರಬಹುದು, ನುಂಗುವಾಗ ಮತ್ತು ಸುಮ್ಮನಿರುವಾಗ ನಾಲಿಗೆ ಹಲ್ಲಿಗೆ ಒತ್ತಿ ನಿಲ್ಲುತ್ತಿರಬಹುದು. ನಾಲಿಗೆಯ ಬಲ ಸ್ವಲ್ಪವೇ, ಆದರೆ ಅದು ದಿನವಿಡೀ ಅಲ್ಲೇ ಇರುತ್ತದೆ. ಹೆಬ್ಬೆರಳು ಚೀಪುವ ಮಕ್ಕಳದ್ದೂ ಇದೇ. ಒಂದಿಷ್ಟು ಹೊತ್ತು ಚೀಪಿ ಬಿಡುವ ಮಗುವಿನ ಹಲ್ಲಿಗೆ ಅಷ್ಟೇನೂ ಆಗುವುದಿಲ್ಲ, ರಾತ್ರಿಯೆಲ್ಲ ಬಾಯಲ್ಲೇ ಬೆರಳಿಟ್ಟು ಮಲಗುವ ಮಗುವಿನ ಹಲ್ಲು ಮುಂದಕ್ಕೆ ಬರುತ್ತವೆ.

ನಿಮ್ಮ ಬುದ್ಧಿ ಹಲ್ಲಿನ ಪ್ರಶ್ನೆ. ಅದು ಕೊಳೆತಿದ್ದರೆ, ಊದಿಕೊಳ್ಳುತ್ತಿದ್ದರೆ, ಪಕ್ಕದ ಹಲ್ಲನ್ನ ಕೆಡಿಸುತ್ತಿದ್ದರೆ ಕೀಳಿಸಿ. ಮುಂದಿನ ಹಲ್ಲು ಸೊಟ್ಟ ಆಗದಿರಲಿ ಅಂತ ಮಾತ್ರ ಕೀಳಿಸಬೇಡಿ. ಬುದ್ಧಿ ಹಲ್ಲು ಹುಟ್ಟೇ ಇಲ್ಲದವರಲ್ಲೂ ಕೆಳಗಿನ ಹಲ್ಲು ಇಪ್ಪತ್ತರ ನಂತರ ಹೀಗೆ ಒತ್ತೊತ್ತಾಗುತ್ತವೆ. ಹಲ್ಲುಗಳು ಜೀವಮಾನವಿಡೀ ಮೆಲ್ಲಗೆ ಮುಂದಕ್ಕೆ ಸರಿಯುತ್ತಾ ಇರುತ್ತವೆ, ದವಡೆಯ ಆಕಾರವೂ ವಯಸ್ಸಿನ ಜೊತೆ ಬದಲಾಗುತ್ತದೆ, ಕೆಳಗಿನ ಮುಂದಿನ ಹಲ್ಲುಗಳು ಸಣ್ಣವು, ಅವಕ್ಕೆ ಮೊದಲು ಇಕ್ಕಟ್ಟಾಗುತ್ತದೆ. ನಿಮ್ಮ ವಯಸ್ಸಿನಲ್ಲಿ ಸರಿಪಡಿಸುವುದು ಖಂಡಿತ ಸಾಧ್ಯ. ವಸಡು ಗಟ್ಟಿಯಿದ್ದರೆ ಐವತ್ತರಲ್ಲೂ ಮಾಡುತ್ತೇವೆ.

ಮಂಡ್ಯದ_ಅಪ್ಪ:

ಎಲ್ಲರಿಗೂ ಧನ್ಯವಾದ. ಮೇಡಂ, ನೀವು ಬರೆದಿದ್ದನ್ನ ಅಮ್ಮನಿಗೆ ಜೋರಾಗಿ ಓದಿ ಹೇಳಿದೆ. ಕಣ್ಣಿನ ಭಯ ಪೂರ್ತಿ ಹೋಗಿಲ್ಲ, ಆದರೆ ಬೇಡ ಅನ್ನೋದು ನಿಲ್ಲಿಸಿದ್ದಾರೆ. ಇನ್ನು ಮೂರು ಮಾತು ಕೇಳ್ತೀನಿ. ತಿಂಗಳಿಗೊಂದು ಸಲದ ಬದಲು ವಾರಕ್ಕೊಂದು ಸಲ ಬಿಗಿ ಮಾಡಿಸಿದರೆ ಬೇಗ ಮುಗಿಯುತ್ತಾ, ಮಂಡ್ಯದಿಂದ ಮೈಸೂರಿಗೆ ಬರೋಕೆ ನಮಗೇನೂ ಕಷ್ಟ ಇಲ್ಲ. ನೋವಿಗೆ ಯಾವ ಮಾತ್ರೆ? ಅಮ್ಮನ ಹಲ್ಲಿಗೆ ಈಗ ಏನಾದರೂ ಮಾಡಬಹುದಾ? ಅವರಿಗೆ ಸಕ್ಕರೆ ಕಾಯಿಲೆ ಇದೆ.

ದಂತವೈದ್ಯೆ_ಮೈಸೂರು:

ವಾರಕ್ಕೊಂದು ಸಲ ಬಿಗಿ ಮಾಡಿದರೆ ನಿಧಾನವೇ ಆಗುತ್ತದೆ. ಬಲ ಮಿತಿ ಮೀರಿದರೆ ನಾರಿನೊಳಗಿನ ರಕ್ತನಾಳ ಪೂರ್ತಿ ಮುಚ್ಚಿ, ಅಲ್ಲಿನ ಕೋಶಗಳು ಸಾಯುತ್ತವೆ. ಮೇಷ್ಟ್ರು ಹೇಳಿದ ಗಾಜಿನಂಥ ಜಾಗ ಅದೇ. ಮೂಳೆ ಕರಗಿಸುವ ಕೋಶಗಳು ನೇರವಾಗಿ ಅಲ್ಲಿಗೆ ಬರಲಾಗದೆ ಮೂಳೆಯ ಒಳಗಡೆಯಿಂದ ಕೊರೆದುಕೊಂಡು ಬರಬೇಕು, ಅಲ್ಲಿಯವರೆಗೆ ಹಲ್ಲು ಒಂದಿಂಚೂ ಕದಲದೆ ನಿಲ್ಲುತ್ತದೆ. ನೋವು ಜಾಸ್ತಿ, ಬೇರಿನ ತುದಿ ಸವೆಯುವ ಸಾಧ್ಯತೆಯೂ ಜಾಸ್ತಿ. ಹಲ್ಲನ್ನ ಮೂಳೆಯ ಒಳಕ್ಕೆ ತಳ್ಳುವ ಕೆಲಸಕ್ಕೆ ನಾವು ಕೊಡುವ ಬಲ 10ರಿಂದ 20 ಗ್ರಾಂ ಮಾತ್ರ. ನಾಲ್ಕರಿಂದ ಆರು ವಾರದ ಅಂತರ ಇಟ್ಟಿರುವುದು ಮೂಳೆಗೆ ಸುಧಾರಿಸಿಕೊಳ್ಳಲು ಸಮಯ ಸಿಗಲಿ ಅಂತ. ಬಾಯಲ್ಲಿಟ್ಟರೆ ಕಂಪಿಸಿ ಬೇಗ ಮುಗಿಸುತ್ತದೆ ಅಂತ ಮಾರುವ ಸಾಧನಗಳಿಗೂ ಗಟ್ಟಿ ಆಧಾರ ಇಲ್ಲ, ದುಡ್ಡು ಹಾಕಬೇಡಿ. ಬೇರು ಸ್ವಲ್ಪ ಮೊಂಡಾಗುವುದು ಹಲವರಲ್ಲಿ ಇದ್ದೇ ಇದೆ, ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ. ಆದರೂ ನಡುವೆ ಒಮ್ಮೆ ಎಕ್ಸ್‌ರೇ ತೆಗೆದು ನೋಡಿ ಅಂತ ಕೇಳಿಕೊಳ್ಳಿ.

ನೋವಿಗೆ ಪ್ಯಾರಾಸಿಟಮಾಲ್ ಸಾಕಾಗುತ್ತದೆ, ಅವನ ತೂಕಕ್ಕೆ ಎಷ್ಟು ಅಂತ ಡಾಕ್ಟರ ಹತ್ತಿರ ಕೇಳಿ. ಐಬುಪ್ರೊಫೆನ್ ಥರದ ಮಾತ್ರೆಗಳು ಪ್ರೊಸ್ಟಗ್ಲಾಂಡಿನ್ ಅನ್ನುವ ಸಂದೇಶವನ್ನ ತಡೆಯುತ್ತವೆ, ಮೂಳೆ ಕರಗಲು ಅದೇ ಸಂದೇಶ ಬೇಕು. ಎಂದೋ ಒಂದು ತಗೊಂಡರೆ ಪರವಾಗಿಲ್ಲ, ದಿನಾ ತಗೊಳ್ಳುವುದು ಬೇಡ.

ನೀವು ಕೇಳದಿದ್ದರೂ ಇದನ್ನ ಹೇಳಲೇಬೇಕು. ಕ್ಲಿಪ್ ಬಿಚ್ಚಿದ ದಿನ ಚಿಕಿತ್ಸೆ ಮುಗಿಯುವುದಿಲ್ಲ. ಬೇರಿನ ಸುತ್ತಲಿನ ನಾರು ಹೊಸ ಜಾಗಕ್ಕೆ ಹೊಂದಿಕೊಳ್ಳಲು ಮೂರ್ನಾಲ್ಕು ತಿಂಗಳು ಬೇಕು, ವಸಡಿನೊಳಗಿನ ಎಳೆತದ ನಾರುಗಳಿಗೆ ಒಂದು ವರ್ಷಕ್ಕೂ ಜಾಸ್ತಿ. ಅಲ್ಲಿಯವರೆಗೆ ಅವು ಹಲ್ಲನ್ನ ಹಳೇ ಜಾಗಕ್ಕೇ ಎಳೆಯುತ್ತವೆ, ತಿರುಚಿಕೊಂಡಿದ್ದ ಹಲ್ಲನ್ನಂತೂ ಬಹಳ ಎಳೆಯುತ್ತವೆ. ಅದಕ್ಕೇ ರಿಟೇನರ್. ಹಿಂದಿನಿಂದ ಅಂಟಿಸುವ ಸಣ್ಣ ತಂತಿ ಇರಬಹುದು, ತೆಗೆದು ಹಾಕುವ ಪ್ಲೇಟ್ ಇರಬಹುದು. ಶುರುವಿನಲ್ಲಿ ಹಗಲು ರಾತ್ರಿ, ಆಮೇಲೆ ರಾತ್ರಿ ಹೊತ್ತು, ಹಲ್ಲು ನೆಟ್ಟಗೆ ಬೇಕು ಅನ್ನುವಷ್ಟು ಕಾಲ. ರಿಟೇನರಿನ ಖರ್ಚು, ಅದರ ಭೇಟಿಗಳು ಈಗ ಹೇಳಿರುವ ಲೆಕ್ಕದಲ್ಲಿ ಸೇರಿದೆಯಾ ಅಂತ ಮೊದಲೇ ಕೇಳಿಕೊಳ್ಳಿ. ಊಟಕ್ಕೆ ಕೂತಾಗ ಕಾಗದದಲ್ಲಿ ಸುತ್ತಿಟ್ಟು ಎಲೆ ಜೊತೆ ಎಸೆದುಬಿಡುವ ಮಕ್ಕಳು ಬಹಳ, ಡಬ್ಬಿಯಲ್ಲೇ ಇಡುವ ಅಭ್ಯಾಸ ಮಾಡಿಸಿ.

ತಾಯಿಯವರ ಹಲ್ಲಿನಲ್ಲಿ ಎರಡು ವಿಷಯ ಇವೆ. ಮುಂದಿನ ಹಲ್ಲು ಅಗಲವಾಗಿ ಸಂದು ಬಿಟ್ಟಿರುವುದು, ಜೊತೆಗೆ ಸಕ್ಕರೆ ಕಾಯಿಲೆ ಅಂದರೆ, ನನಗೆ ಮೊದಲು ಅನುಮಾನ ಬರುವುದು ವಸಡಿನ ರೋಗದ ಮೇಲೆ. ವಸಡು ಕೆಟ್ಟು ಸುತ್ತಲಿನ ಮೂಳೆ ಕಡಿಮೆ ಆದಾಗ ನಾಲಿಗೆ ತುಟಿಯ ಸಣ್ಣ ಬಲಕ್ಕೂ ಹಲ್ಲು ಸರಿದು ಹೋಗುತ್ತದೆ. ಉಜ್ಜುವಾಗ ರಕ್ತ ಬರುತ್ತದಾ ಕೇಳಿ. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿ, ವಸಡಿನ ಡಾಕ್ಟರಿಗೆ ತೋರಿಸಿ, ಶುಚಿ ಮಾಡಿಸಿ. ಮಗನನ್ನ ಕರೆತರುವ ದಿನವೇ ಅವರನ್ನೂ ಕರ್ಕೊಂಡು ಬನ್ನಿ. ವಸಡು ಹತೋಟಿಗೆ ಬರುವ ತನಕ ಹಲ್ಲನ್ನ ಯಾರೂ ಸರಿಸಬಾರದು.

ಆಮೇಲೆ ಖಾಲಿ ಜಾಗಕ್ಕೆ ಹಲ್ಲು ಕಟ್ಟಿಸುವ ಮಾತು. ಇಂಪ್ಲಾಂಟ್ (ಮೂಳೆಯೊಳಗೆ ಕೂರಿಸುವ ಕೃತಕ ಬೇರು) ಹಾಕಿಸೋಣ ಅಂತ ಯಾರಾದರೂ ಹೇಳಿದರೆ, ವಾಲಿರುವ ಹಲ್ಲನ್ನ ನೆಟ್ಟಗೆ ಮಾಡಬೇಕಾ ಅಂತ ಅದಕ್ಕೆ ಮುಂಚೆ ಕೇಳಿ. ಇಂಪ್ಲಾಂಟಿಗೆ ಆ ಕಾಲು ಮಿಲಿಮೀಟರ್ ನಾರು ಇರುವುದಿಲ್ಲ, ಅದು ಮೂಳೆಗೇ ಬೆಸೆದುಕೊಳ್ಳುತ್ತದೆ. ಒಂದು ಸಲ ಕೂರಿಸಿದ ಮೇಲೆ ಯಾವ ತಂತಿಯಿಂದಲೂ ಅದನ್ನ ಸರಿಸಲಾಗುವುದಿಲ್ಲ.